ಪಿಕಪ್ ಟ್ರಕ್ಕಿನ ಮೈಲೇಜ್: ಕೊಳ್ಳುವ ಮೊದಲು ಒಂದು ಲೆಕ್ಕ



ಘರ್ಷಣೆ, ಕೆಲಸ, ಶಕ್ತಿ, ಸಾಮರ್ಥ್ಯ ಎಂಬ ಪಾಠಗಳು ಬಂದಾಗ ಪ್ರತಿವರ್ಷವೂ ಒಬ್ಬರಾದರೂ ಕೇಳುತ್ತೀರಿ: “ಸರ್, ಇದು ಪರೀಕ್ಷೆಗೆ ಬಿಟ್ಟು ಬೇರೆ ಯಾವುದಕ್ಕೆ ಬೇಕು?” ಈ ವರ್ಷ ಆ ಪ್ರಶ್ನೆಗೆ ಉತ್ತರ ತರಗತಿಯೊಳಗಿನಿಂದಲೇ ಬಂತು.

ನಮ್ಮ ವಿದ್ಯಾರ್ಥಿಯೊಬ್ಬನ ಸೋದರಮಾವ ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿದ್ದಾರೆ. ಮನೆಮನೆಗೆ ಹೋಗಿ ಏಸಿ ರಿಪೇರಿ ಮಾಡುವುದು ಅವರ ಕೆಲಸ. ಉಪಕರಣ, ಏಣಿ ಎಲ್ಲ ಹೇರಿಕೊಂಡು ಓಡಾಡಲು ಒಂದು ದೊಡ್ಡ ಪಿಕಪ್ ಟ್ರಕ್ ಇಟ್ಟುಕೊಂಡಿದ್ದಾರೆ. ಪೆಟ್ರೋಲಿನ ಖರ್ಚು ಕಡಿಮೆ ಮಾಡಬೇಕೆಂದು ಅಂಗಡಿಯೊಂದರಲ್ಲಿ ವಿಚಾರಿಸಿದಾಗ ಐದು ಸಾಮಾನುಗಳ ಪಟ್ಟಿ ಕೈಗೆ ಬಂತು. ಎಲ್ಲ ಹಾಕಿಸಿದರೆ ಸಾವಿರಾರು ಡಾಲರ್. ಅವರು ಅಳಿಯನಿಗೆ ಫೋನ್ ಮಾಡಿ, “ನೀನು ಸೈನ್ಸ್ ಓದ್ತಿದ್ದೀಯಲ್ಲ, ನಿಮ್ಮ ಸರ್ ಹತ್ರ ಕೇಳಿ ಹೇಳು, ಇದ್ರಲ್ಲಿ ಯಾವ್ದು ನಿಜ?” ಎಂದರು.

ದುಡಿದು ತಿನ್ನುವವರ ದುಡ್ಡಿನ ಪ್ರಶ್ನೆ ಇದು. ಬಾಯಿಮಾತಿನಲ್ಲಿ ಉತ್ತರಿಸಬಾರದೆಂದು ಎರಡು ಪೀರಿಯಡ್ ಕುಳಿತು ಲೆಕ್ಕ ಮಾಡಿದೆವು. ಅದನ್ನೇ ಇಲ್ಲಿ ಬರೆದಿದ್ದೇನೆ.

1. ಪೆಟ್ರೋಲ್ ಎಲ್ಲಿ ಹೋಗುತ್ತದೆ?

ಅಮೆರಿಕದಲ್ಲಿ ‘ಫುಲ್ ಸೈಜ್’ ಪಿಕಪ್ ಎಂದರೆ ಫೋರ್ಡ್ ಎಫ್-150, ಷೆವ್ರೊಲೆ ಸಿಲ್ವರಾಡೊ, ರ‍್ಯಾಮ್ 1500 ಮುಂತಾದವು. ನಮ್ಮೂರಲ್ಲಿ ಮೀನು, ತರಕಾರಿ ಸಾಗಿಸುವ ಪಿಕಪ್‌ಗಿಂತ ಇವು ಬಹಳ ದೊಡ್ಡವು. ಅಗಲ ಸುಮಾರು 2 ಮೀಟರ್, ಉದ್ದ ಹೆಚ್ಚುಕಡಿಮೆ 6 ಮೀಟರ್, ತೂಕ ಎರಡು ಟನ್ನಿಗೂ ಹೆಚ್ಚು.

ಸಮತಟ್ಟಾದ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಗಾಡಿಯನ್ನು ಹಿಂದಕ್ಕೆ ತಳ್ಳುವ ಬಲಗಳು ಮುಖ್ಯವಾಗಿ ಎರಡು.

ಅ) ಉರುಳು ಘರ್ಷಣೆ = ಗುಣಾಂಕ × ದ್ರವ್ಯರಾಶಿ × ಗುರುತ್ವ ವೇಗೋತ್ಕರ್ಷ

ಆ) ಗಾಳಿಯ ಪ್ರತಿರೋಧ = ½ × ಗಾಳಿಯ ಸಾಂದ್ರತೆ × ಪ್ರತಿರೋಧ ಗುಣಾಂಕ × ಮುಂಭಾಗದ ವಿಸ್ತೀರ್ಣ × ವೇಗದ ವರ್ಗ

ಇಂಥ ಗಾಡಿಗೆ ಹೊಂದುವ ಅಂದಾಜು ಬೆಲೆಗಳನ್ನು ಹಾಕೋಣ. ದ್ರವ್ಯರಾಶಿ 2300 ಕಿಲೋಗ್ರಾಂ, ಉರುಳು ಘರ್ಷಣೆಯ ಗುಣಾಂಕ 0.010, ಗಾಳಿಯ ಸಾಂದ್ರತೆ 1.2, ಪ್ರತಿರೋಧ ಗುಣಾಂಕ 0.40, ಮುಂಭಾಗದ ವಿಸ್ತೀರ್ಣ 3.3 ಚದರ ಮೀಟರ್.

ವೇಗ ಸೆಕೆಂಡಿಗೆ 30 ಮೀಟರ್, ಅಂದರೆ ಗಂಟೆಗೆ 108 ಕಿ.ಮೀ. ಇದ್ದಾಗ:
ಉರುಳು ಘರ್ಷಣೆ = 0.010 × 2300 × 9.8 = 225 ನ್ಯೂಟನ್
ಗಾಳಿಯ ಪ್ರತಿರೋಧ = ½ × 1.2 × 0.40 × 3.3 × 900 = 713 ನ್ಯೂಟನ್
ಒಟ್ಟು = 938 ನ್ಯೂಟನ್

ಮುಕ್ಕಾಲು ಭಾಗ ಗಾಳಿಯದ್ದೇ ಆಯಿತು. ನೂರು ಕಿ.ಮೀ. ಹೋಗಲು ಬೇಕಾದ ಕೆಲಸ = ಬಲ × ದೂರ = 93.8 ಮೆಗಾಜೌಲ್. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೌಲ್ ಶಕ್ತಿ ಇದೆ. ಅದರಲ್ಲಿ ಕಾಲು ಭಾಗ ಮಾತ್ರ ಚಕ್ರಕ್ಕೆ ತಲುಪುತ್ತದೆ ಎಂದು ಹಿಡಿದರೆ ಲೀಟರಿಗೆ 8 ಮೆಗಾಜೌಲ್. ಹಾಗಾದರೆ 100 ಕಿ.ಮೀ.ಗೆ 11.7 ಲೀಟರ್, ಅಂದರೆ ಲೀಟರಿಗೆ ಸುಮಾರು 8.5 ಕಿ.ಮೀ. ಮಾವ ಹೇಳಿದ ಹೆದ್ದಾರಿ ಮೈಲೇಜ್ ಕೂಡ ಇದರ ಹತ್ತಿರವೇ ಇತ್ತು.

2. ಅಂಗಡಿಯ ಪಟ್ಟಿ

ಮೊದಲನೆಯದು, ಪೆಟ್ರೋಲ್ ಪೈಪಿಗೆ ಕಟ್ಟುವ ಅಯಸ್ಕಾಂತ. ಇಂಧನದ ಕಣಗಳನ್ನು ಅದು ಸಾಲಾಗಿ ನಿಲ್ಲಿಸುತ್ತದೆ, ಆಗ ಪೆಟ್ರೋಲ್ ಪೂರ್ತಿ ಉರಿಯುತ್ತದೆ ಎಂಬುದು ಮಾರುವವರ ಮಾತು. ಆದರೆ ಸುಸ್ಥಿತಿಯಲ್ಲಿರುವ ಈಗಿನ ಎಂಜಿನ್ನಿನಲ್ಲಿ ಪೆಟ್ರೋಲ್ ಈಗಾಗಲೇ ಬಹುತೇಕ ಪೂರ್ತಿ ಉರಿಯುತ್ತದೆ. ನಷ್ಟವಾಗುವುದು ಉರಿಯದ ಪೆಟ್ರೋಲಲ್ಲ, ರೇಡಿಯೇಟರ್ ಮತ್ತು ಸೈಲೆನ್ಸರ್ ದಾರಿಯಲ್ಲಿ ಹೊರಹೋಗುವ ಶಾಖ. ಉಳಿದ ಚೂರುಪಾರು ಉರಿದರೂ ಒಂದೆರಡು ಶೇಕಡಾಕ್ಕಿಂತ ಹೆಚ್ಚು ಸಿಗುವಂತಿಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ಇಂಧನ ಉಳಿಸುತ್ತವೆ ಎನ್ನುವ ನೂರಕ್ಕೂ ಹೆಚ್ಚು ಸಾಧನಗಳನ್ನು ಪರಿಶೀಲಿಸಿದೆ. ಗಣನೀಯವಾಗಿ ಮೈಲೇಜ್ ಹೆಚ್ಚಿಸುವ ಒಂದೂ ಅದಕ್ಕೆ ಸಿಗಲಿಲ್ಲ. ಇದನ್ನು ಪಟ್ಟಿಯಿಂದ ಹೊಡೆದುಹಾಕಿ.

ಎರಡನೆಯದು, ದುಬಾರಿ ಏರ್ ಫಿಲ್ಟರ್. ‘ಎಂಜಿನ್ ಸರಾಗವಾಗಿ ಉಸಿರಾಡುತ್ತದೆ’ ಎನ್ನುತ್ತಾರೆ. ಇಂದಿನ ಎಂಜಿನ್ನಿನಲ್ಲಿ ಒಳಬರುವ ಗಾಳಿಗೆ ತಕ್ಕಷ್ಟೇ ಪೆಟ್ರೋಲನ್ನು ಕಂಪ್ಯೂಟರ್ ಬಿಡುತ್ತದೆ. ಹೆದ್ದಾರಿಯಲ್ಲಿ ಹದವಾಗಿ ಹೋಗುವಾಗ ಥ್ರಾಟಲ್ ಅರ್ಧಂಬರ್ಧ ಮುಚ್ಚಿಯೇ ಇರುತ್ತದೆ. ಮನೆಯ ನಲ್ಲಿಯನ್ನು ಅರ್ಧ ತಿರುಗಿಸಿಟ್ಟು, ದೂರದ ಪೈಪನ್ನು ಮಾತ್ರ ದಪ್ಪ ಮಾಡಿದಂತೆ ಇದು. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಥ ಪೆಟ್ರೋಲ್ ಕಾರುಗಳ ಫಿಲ್ಟರ್ ಕಟ್ಟಿಕೊಂಡಿದ್ದರೂ ಮೈಲೇಜ್ ಮೇಲೆ ಹೇಳುವಂಥ ಪರಿಣಾಮ ಕಾಣಲಿಲ್ಲ. ಕುಗ್ಗಿದ್ದು ಗಾಡಿಯ ಎಳೆತ ಮಾತ್ರ. ಫಿಲ್ಟರನ್ನು ಕಾಲಕಾಲಕ್ಕೆ ಬದಲಿಸಬೇಕು, ಆದರೆ ಮೈಲೇಜಿಗಾಗಿ ದುಬಾರಿಯದನ್ನು ಕೊಳ್ಳಬೇಕಿಲ್ಲ.

ಮೂರನೆಯದು, ಗಾಡಿಯನ್ನು ಎತ್ತರಿಸುವ ಲಿಫ್ಟ್ ಕಿಟ್ ಮತ್ತು ದೊಡ್ಡ ಟೈರ್. ನೋಡಲು ಚೆನ್ನ. ಆದರೆ ಗಾಡಿ ಎತ್ತರವಾದಷ್ಟೂ ಅಡಿಯಲ್ಲಿ ಹೆಚ್ಚು ಗಾಳಿ ನುಗ್ಗಿ ಅಚ್ಚು, ಪೈಪುಗಳಿಗೆ ಬಡಿಯುತ್ತದೆ. ಮುಂದಿನ ಬಂಪರಿನ ಕೆಳಗೆ ಕಂಪನಿಯೇ ಗಾಳಿ ತಡೆಯಲು ಹಾಕಿರುವ ಪ್ಲಾಸ್ಟಿಕ್ ಪಟ್ಟಿಯನ್ನೂ ಕೆಲವರು ಅಂದಕ್ಕಾಗಿ ಕಿತ್ತುಹಾಕುತ್ತಾರೆ. ಭಾರದ ಚಕ್ರಕ್ಕೆ ಜಡತ್ವದ ಮಹತ್ವವೂ ಹೆಚ್ಚು, ಹಾಗಾಗಿ ಪ್ರತಿ ಸಲ ವೇಗ ಹಿಡಿಯಲು ಹೆಚ್ಚು ಶಕ್ತಿ ಬೇಕು. ಮೈಲೇಜ್ ಬೇಕೆನ್ನುವವರಿಗೆ ಇದು ತಿರುಗುಮುರುಗಾದ ದಾರಿ.

ನಾಲ್ಕನೆಯದು, ಹಿಂದಿನ ಸಾಮಾನು ತೊಟ್ಟಿಗೆ ಮುಚ್ಚಳ. ಇದರಲ್ಲಿ ಹುರುಳಿದೆ. ಕ್ಯಾಬಿನ್ ಮೇಲಿಂದ ಬಂದ ಗಾಳಿ ತೊಟ್ಟಿಯ ಹತ್ತಿರ ಸುಳಿಯಾಗಿ ಗಾಡಿಯನ್ನು ಹಿಂದಕ್ಕೆ ಎಳೆಯುತ್ತದೆ. ಮುಚ್ಚಳ ಹಾಕಿದರೆ ಆ ಎಳೆತ ಶೇಕಡಾ ಕೆಲವಷ್ಟು ತಗ್ಗುತ್ತದೆ. ಶೇ. 5 ಎಂದು ಹಿಡಿಯೋಣ. 713ರ ಶೇ. 5 ಎಂದರೆ 36 ನ್ಯೂಟನ್. ಒಟ್ಟು ಬಲದಲ್ಲಿ ಅದು ಶೇ. 3.8 ಮಾತ್ರ, ಅಂದರೆ 100 ಕಿ.ಮೀ.ಗೆ 0.45 ಲೀಟರ್. ವರ್ಷಕ್ಕೆ 20,000 ಕಿ.ಮೀ. ಹೆದ್ದಾರಿ ಓಡಿದರೆ 90 ಲೀಟರ್ ಉಳಿತಾಯ. ಲೀಟರಿಗೆ ಒಂದು ಡಾಲರ್, ಮುಚ್ಚಳಕ್ಕೆ 600 ಡಾಲರ್ ಎಂದಿಟ್ಟುಕೊಂಡರೆ ಹಾಕಿದ ಹಣ ಹಿಂದಿರುಗಲು ಆರೂವರೆ ವರ್ಷಕ್ಕೂ ಹೆಚ್ಚು ಬೇಕು. ಉಪಕರಣಗಳು ಮಳೆಗೆ ನೆನೆಯಬಾರದು, ಕಳವಾಗಬಾರದು ಎಂದಾದರೆ ಹಾಕಿಸಲಿ. ಪೆಟ್ರೋಲಿಗೆಂದೇ ಆದರೆ ಯೋಚಿಸಲಿ.

ಇಲ್ಲಿ ಒಬ್ಬ ವಿದ್ಯಾರ್ಥಿನಿ ಕೇಳಿದಳು: “ಸರ್, ಮುಚ್ಚಳದ ಬದಲು ಹಿಂಬಾಗಿಲನ್ನೇ ತೆರೆದಿಟ್ಟರೆ ಗಾಳಿ ಸಲೀಸಾಗಿ ಹೋಗುವುದಿಲ್ಲವೇ?” ಅಮೆರಿಕದ ಎಷ್ಟೋ ಚಾಲಕರೂ ಹಾಗೆಯೇ ನಂಬಿದ್ದರು. ನಿಜವಾಗಿ ಬಾಗಿಲು ಮುಚ್ಚಿದ್ದಾಗ ತೊಟ್ಟಿಯೊಳಗೆ ಗಾಳಿಯ ಒಂದು ಸುಳಿ ನಿಂತುಬಿಡುತ್ತದೆ. ಮೇಲಿನ ಗಾಳಿ ಅದರ ಬೆನ್ನ ಮೇಲೆ ಜಾರಿ ಮುಂದೆ ಹೋಗುತ್ತದೆ. ಬಾಗಿಲು ತೆರೆದರೆ ಆ ಸುಳಿ ಒಡೆಯುತ್ತದೆ. ಬಾಗಿಲು ಮುಚ್ಚಿಯೇ ಇರಲಿ.

ಐದನೆಯದು, ಎಂಜಿನ್ ಕಂಪ್ಯೂಟರಿನ ಪ್ರೋಗ್ರಾಂ ಬದಲಿಸುವುದು. ಇದರ ಜೊತೆಗೆ ಹೊಗೆ ಶುದ್ಧಗೊಳಿಸುವ ಭಾಗಗಳನ್ನು ತೆಗೆಸುವ ಆಮಿಷವೂ ಬರುತ್ತದೆ. ಹಾಗೆ ತೆಗೆಯುವುದು ಅಮೆರಿಕದ ಶುದ್ಧ ಗಾಳಿ ಕಾಯ್ದೆಯ ಪ್ರಕಾರ ಅಪರಾಧ. ನಮ್ಮ ಉಳಿತಾಯಕ್ಕೆ ಅಕ್ಕಪಕ್ಕದವರ ಶ್ವಾಸಕೋಶ ಬೆಲೆ ತೆರಬಾರದು.

3. ಪಟ್ಟಿಯಲ್ಲಿ ಇಲ್ಲದವು

ಅಂಗಡಿಯವರು ಬರೆಯದೆ ಬಿಟ್ಟಿದ್ದು ವೇಗ. ಅದನ್ನು ಮಾರಲು ಬರುವುದಿಲ್ಲವಲ್ಲ! ಅದೇ ಸೂತ್ರದಲ್ಲಿ ಸೆಕೆಂಡಿಗೆ 25 ಮೀಟರ್, ಅಂದರೆ ಗಂಟೆಗೆ 90 ಕಿ.ಮೀ. ಹಾಕಿ ನೋಡಿ. ಗಾಳಿಯ ಪ್ರತಿರೋಧ 713ರಿಂದ 495 ನ್ಯೂಟನ್ನಿಗೆ ಇಳಿಯುತ್ತದೆ. ಒಟ್ಟು 720 ನ್ಯೂಟನ್. 100 ಕಿ.ಮೀ.ಗೆ 9 ಲೀಟರ್. ಉಳಿತಾಯ ಶೇ. 23! ಕಡಿಮೆ ಹೊರೆಯಲ್ಲಿ ಎಂಜಿನ್ನಿನ ದಕ್ಷತೆ ಸ್ವಲ್ಪ ತಗ್ಗುವುದರಿಂದ ರಸ್ತೆಯಲ್ಲಿ ಇದಕ್ಕಿಂತ ತುಸು ಕಡಿಮೆ ಸಿಗಬಹುದು. ಆದರೂ ಪಟ್ಟಿಯ ಯಾವ ಸಾಮಾನೂ ಇದರ ಹತ್ತಿರ ಬರುವುದಿಲ್ಲ. ತೆರಬೇಕಾದ ಬೆಲೆ ನೂರು ಕಿ.ಮೀ.ಗೆ ಹನ್ನೊಂದು ನಿಮಿಷ. ತೈಲ ಬಿಕ್ಕಟ್ಟಿನ ಕಾಲದಲ್ಲಿ, 1974ರಲ್ಲಿ, ಅಮೆರಿಕ ಸರ್ಕಾರ ಇಡೀ ದೇಶಕ್ಕೆ ಗಂಟೆಗೆ 55 ಮೈಲಿ, ಅಂದರೆ ಸುಮಾರು 88 ಕಿ.ಮೀ. ವೇಗಮಿತಿ ತಂದದ್ದು ಇಂಧನ ಉಳಿಸಲೆಂದೇ. ಅದು 1995ರವರೆಗೆ ಒಂದಲ್ಲ ಒಂದು ರೂಪದಲ್ಲಿ ಉಳಿಯಿತು. ಒಂದು ಎಚ್ಚರಿಕೆ: ವೇಗವಾಗಿ ಹೋಗುವವರ ಲೇನಿನಲ್ಲಿ ನಿಧಾನ ಹೋಗುವುದು ಅಪಾಯ. ಅಲ್ಲಿ ಬಲಗಡೆಯ ಲೇನಿಗೆ ಸರಿದುಕೊಂಡು ಹೋಗಬೇಕು.

ಎರಡನೆಯದು ಟೈರಿನ ಗಾಳಿ. ಟೈರುಗಳ ಒತ್ತಡ ಸರಾಸರಿ ಒಂದು ಪಿಎಸ್‌ಐ ಇಳಿದರೆ ಮೈಲೇಜ್ ಸುಮಾರು ಶೇ. 0.2 ಇಳಿಯುತ್ತದೆ ಎಂದು ಅಮೆರಿಕ ಸರ್ಕಾರದ ಮಾರ್ಗದರ್ಶಿ ಹೇಳುತ್ತದೆ. ಹತ್ತು ಪಿಎಸ್‌ಐಗೆ ಶೇ. 2. ತುಂಬಿಸಬೇಕಾದ್ದು ಚಾಲಕನ ಬಾಗಿಲ ಚೌಕಟ್ಟಿನಲ್ಲಿ ಅಂಟಿಸಿದ ಚೀಟಿಯಲ್ಲಿರುವಷ್ಟು. ಟೈರಿನ ಮೇಲೆ ಅಚ್ಚಾಗಿರುವ ಗರಿಷ್ಠ ಒತ್ತಡದಷ್ಟಲ್ಲ.

ಮೂರನೆಯದು ಖಾಲಿ ಏಣಿ ಸ್ಟ್ಯಾಂಡ್ ಮತ್ತು ಬಳಸದ ಭಾರ. ರಜಾ ದಿನದಲ್ಲೂ ಗಾಳಿಗೆ ಎದೆಯೊಡ್ಡಿ ನಿಲ್ಲುವ ಸ್ಟ್ಯಾಂಡನ್ನು ಬಿಚ್ಚಿಡಬಹುದು. ತೊಟ್ಟಿಯಲ್ಲಿ ಸುಮ್ಮನೆ ಬಿದ್ದಿರುವ 150 ಕಿಲೋ ಸಾಮಾನು ಹೆದ್ದಾರಿಯಲ್ಲಿ ಸುಮಾರು 15 ನ್ಯೂಟನ್ ಬಲ ಕೂಡಿಸುತ್ತದೆ. ಸಿಗ್ನಲ್‌ಗಳಲ್ಲಿ ನಿಂತು ಹೊರಡುವ ಊರೊಳಗೆ ಅದರ ಹೊರೆ ಇನ್ನೂ ಹೆಚ್ಚು. ತೂಕಕ್ಕೆ ಎಷ್ಟು ಬೆಲೆಯಿದೆ ಎಂದರೆ, ಫೋರ್ಡ್ ಕಂಪನಿ 2015ರ ಎಫ್-150ಗೆ ಅಲ್ಯೂಮಿನಿಯಂ ಮೈಕಟ್ಟು ಕೊಟ್ಟು ಸುಮಾರು 300 ಕಿಲೋವರೆಗೂ ಭಾರ ಇಳಿಸಿತು.

4. ದೊಡ್ಡ ಗಾಡಿಯ ಸಣ್ಣ ಉಳಿತಾಯ

“ಇಷ್ಟು ದೊಡ್ಡ ಗಾಡಿ, ಒಂದು ಕಿ.ಮೀ. ಹೆಚ್ಚು ಕೊಟ್ಟರೆ ಏನು ಮಹಾ?” ಎಂದು ಯಾರಿಗಾದರೂ ಅನಿಸಬಹುದು. ಈ ಲೆಕ್ಕ ನೋಡಿ. ಎರಡು ಗಾಡಿಗಳು ವರ್ಷಕ್ಕೆ 15,000 ಕಿ.ಮೀ. ಓಡುತ್ತವೆ.

ದೊಡ್ಡ ಗಾಡಿಯ ಮೈಲೇಜ್ 5ರಿಂದ 6ಕ್ಕೆ ಏರಿತು: 3000 ಲೀಟರ್ ಇದ್ದದ್ದು 2500 ಆಯಿತು. ಉಳಿತಾಯ 500 ಲೀಟರ್.
ಸಣ್ಣ ಕಾರಿನ ಮೈಲೇಜ್ 15ರಿಂದ 20ಕ್ಕೆ ಏರಿತು: 1000 ಲೀಟರ್ ಇದ್ದದ್ದು 750 ಆಯಿತು. ಉಳಿತಾಯ 250 ಲೀಟರ್.

ಐದು ಕಿ.ಮೀ. ಏರಿಕೆಗಿಂತ ಒಂದು ಕಿ.ಮೀ. ಏರಿಕೆಯೇ ಎರಡು ಪಟ್ಟು ಉಳಿಸಿತು! ಮೈಲೇಜ್ ಮತ್ತು ಇಂಧನದ ಖರ್ಚು ವಿಲೋಮ ಸಂಬಂಧದಲ್ಲಿರುವುದೇ ಇದಕ್ಕೆ ಕಾರಣ. ರಿಚರ್ಡ್ ಲ್ಯಾರಿಕ್ ಮತ್ತು ಜ್ಯಾಕ್ ಸೋಲ್ ಎಂಬ ಸಂಶೋಧಕರು 2008ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇದನ್ನು ಮೈಲೇಜಿನ ಭ್ರಮೆ ಎಂದು ವಿವರಿಸಿದರು. ಅಮೆರಿಕದಲ್ಲಿ 2013ರ ಮಾದರಿಯಿಂದೀಚೆಗೆ ಹೊಸ ಗಾಡಿಗಳ ಚೀಟಿಯಲ್ಲಿ ನೂರು ಮೈಲಿಗೆ ಎಷ್ಟು ಗ್ಯಾಲನ್ ಎಂಬುದನ್ನೂ ಮುದ್ರಿಸುತ್ತಾರೆ.

5. ಅಳೆಯುವವನೂ ಮೋಸ ಹೋಗಬಹುದು

“ಹಾಕಿಸಿದ ಮೇಲೆ ಮೈಲೇಜ್ ಏರಿತು” ಎಂದು ಪ್ರಾಮಾಣಿಕವಾಗಿಯೇ ಹೇಳುವವರು ಬಹಳ. ಅವರು ಸುಳ್ಳು ಹೇಳುತ್ತಿಲ್ಲ, ಆದರೆ ಅಳತೆ ತಪ್ಪಿರಬಹುದು. ಎರಡು ಉದಾಹರಣೆ ಸಾಕು.

ಹವಾಮಾನ: ಒತ್ತಡ ಒಂದೇ ಇದ್ದರೆ 0 ಡಿಗ್ರಿಯ ಗಾಳಿ 35 ಡಿಗ್ರಿಯ ಗಾಳಿಗಿಂತ ಸುಮಾರು ಶೇ. 13 ಹೆಚ್ಚು ಸಾಂದ್ರ. ಚಳಿಗಾಲದ ಕೊನೆಯಲ್ಲಿ ಅಯಸ್ಕಾಂತ ಕಟ್ಟಿ ಬೇಸಿಗೆಯಲ್ಲಿ ಲೆಕ್ಕ ನೋಡಿದರೆ, ಬಿಸಿಲು ಮಾಡಿದ ಉಪಕಾರದ ಕೀರ್ತಿ ಅಯಸ್ಕಾಂತಕ್ಕೆ ಹೋಗುತ್ತದೆ.

ಟೈರ್: 31 ಇಂಚಿನ ಬದಲು 33 ಇಂಚಿನ ಟೈರ್ ಹಾಕಿದರೆ ಒಂದು ಸುತ್ತಿಗೆ ಶೇ. 6.5 ಹೆಚ್ಚು ದೂರ ಸಾಗುತ್ತದೆ. ಮೀಟರಿಗೆ ಅದು ತಿಳಿಯದು. ಮೀಟರನ್ನು ಸರಿಪಡಿಸದ ಹೊರತು ಎಲ್ಲ ಲೆಕ್ಕವೂ ತಪ್ಪು.

ಆದ್ದರಿಂದ ಒಂದೇ ದಾರಿಯಲ್ಲಿ, ಟ್ಯಾಂಕ್ ಪೂರ್ತಿ ತುಂಬಿಸಿ, ಮತ್ತೆ ಪೂರ್ತಿ ತುಂಬಿಸುವವರೆಗೆ ಅಳೆಯಬೇಕು. ಸಾಧನ ಹಾಕಿ, ತೆಗೆದು, ಮತ್ತೆ ಹಾಕಿ ನೋಡಬೇಕು. ಒಮ್ಮೆಗೆ ಒಂದನ್ನೇ ಬದಲಿಸಬೇಕು. ಪ್ರಯೋಗಾಲಯದಲ್ಲಿ ನೀವು ಪಾಲಿಸುವ ನಿಯಮವೇ ಇದು.

ಮಾವನಿಗೆ ನಮ್ಮ ತರಗತಿ ಕಳಿಸಿದ ಉತ್ತರ ಚಿಕ್ಕದು: ಅಯಸ್ಕಾಂತ, ಫಿಲ್ಟರ್, ಲಿಫ್ಟ್ ಕಿಟ್, ಪ್ರೋಗ್ರಾಂ ಬೇಡ. ಮುಚ್ಚಳ ನಿಮ್ಮಿಷ್ಟ. ಮೊದಲು ಒಂದು ಟೈರ್ ಗೇಜ್ ಮತ್ತು ಒಂದು ನೋಟ್‌ಬುಕ್ ಕೊಳ್ಳಿ, ಬಲಗಾಲನ್ನು ಸ್ವಲ್ಪ ಮೇಲಕ್ಕೆತ್ತಿ. ಅವರು ಈಗ ಪ್ರತಿ ಟ್ಯಾಂಕಿನ ಲೆಕ್ಕ ಬರೆದಿಡುತ್ತಿದ್ದಾರೆ. ಅಂಗಡಿಯ ಪಟ್ಟಿ ಗಾಡಿಯ ಡ್ಯಾಶ್‌ಬೋರ್ಡಿನಲ್ಲೇ ಇದೆಯಂತೆ.

ಅಭ್ಯಾಸ

1. ಒಂದು ಗಾಡಿ ಮೊದಲ 100 ಕಿ.ಮೀ. ದೂರವನ್ನು ಲೀಟರಿಗೆ 10 ಕಿ.ಮೀ.ನಂತೆ, ನಂತರದ 100 ಕಿ.ಮೀ. ದೂರವನ್ನು ಲೀಟರಿಗೆ 5 ಕಿ.ಮೀ.ನಂತೆ ಕ್ರಮಿಸಿತು. ಸರಾಸರಿ ಮೈಲೇಜ್ ಎಷ್ಟು? (7.5 ಎಂದು ಬರೆದವರು ನಾಲ್ಕನೆಯ ಭಾಗವನ್ನು ಮತ್ತೆ ಓದಿ.)

2. ವೇಗ ಗಂಟೆಗೆ 108ರಿಂದ 90 ಕಿ.ಮೀ.ಗೆ ಇಳಿದಾಗ ಗಾಡಿಯ ಚಲನಶಕ್ತಿ ಶೇಕಡಾ ಎಷ್ಟು ಕಡಿಮೆಯಾಗುತ್ತದೆ? ಬ್ರೇಕ್ ಹಾಕುವಾಗ ಇದರಿಂದ ಏನು ಪ್ರಯೋಜನ?

3. ನಿಮ್ಮ ಮನೆಯ ಸ್ಕೂಟರ್ ಅಥವಾ ಬೈಕಿನ ಮೈಲೇಜನ್ನು, ದೊಡ್ಡವರ ಸಹಾಯದಿಂದ, ಮೂರು ಬಾರಿ ಟ್ಯಾಂಕ್ ತುಂಬಿಸಿ ಅಳೆಯಿರಿ. ಟೈರಿನ ಗಾಳಿ ಸರಿಪಡಿಸಿ ಮತ್ತೆ ಮೂರು ಬಾರಿ ಅಳೆಯಿರಿ. ಬಂದ ಅಂಕಿಗಳನ್ನು, ಚೆನ್ನಾಗಿ ಬಂದಿರಲಿ ಬಾರದಿರಲಿ, ಹಾಗೆಯೇ ಬರೆದು ವಿಭಾಗಕ್ಕೆ ತನ್ನಿ.