ಮನೆಯ ಚಿತ್ರಮಂದಿರಕ್ಕೆ ಕೋಡೆಕ್‌ಗಳ ಆಯ್ಕೆ

ಎರಡೂವರೆ ಗಂಟೆಯ ಚಲನಚಿತ್ರವೊಂದು ಇಂದು ಹೆಬ್ಬೆರಳಿನಷ್ಟು ಉದ್ದದ ಪೆನ್‌ಡ್ರೈವಿನಲ್ಲಿ ಅಡಗಿ ಮನೆಗೆ ಬರುತ್ತದೆ. ಅದನ್ನು ಟೆಲಿವಿಷನ್ನಿಗೆ ಜೋಡಿಸಿದ ಕಂಪ್ಯೂಟರಿಗೆ ಸಿಕ್ಕಿಸಿದರೆ ಒಂದು ಮನೆಯಲ್ಲಿ ಚಿತ್ರವು ನೀರು ಹರಿದಂತೆ ಓಡುತ್ತದೆ. ಇನ್ನೊಂದು ಮನೆಯಲ್ಲಿ ಅದೇ ಚಿತ್ರವು ಹೆಜ್ಜೆಹೆಜ್ಜೆಗೂ ಮುಗ್ಗರಿಸುತ್ತದೆ. ಮತ್ತೊಂದರಲ್ಲಿ ಚಿತ್ರವೇನೋ ಕಾಣುತ್ತದೆ, ಮಾತು ಮಾತ್ರ ಕೇಳಿಸುವುದಿಲ್ಲ. ಚಿತ್ರವನ್ನೂ ಧ್ವನಿಯನ್ನೂ ಅಡಕಮಾಡಿದ ರೀತಿಗೂ, ಅವನ್ನು ಬಿಡಿಸಿ ತೋರಿಸಬೇಕಾದ ಯಂತ್ರದ ಶಕ್ತಿಗೂ ಹೊಂದಿಕೆಯಿಲ್ಲದಿದ್ದರೆ ಹೀಗಾಗುವುದುಂಟು. ಅಡಕಮಾಡುವ ಮತ್ತು ಬಿಡಿಸುವ ಈ ಜೋಡಿ ವಿಧಾನಕ್ಕೆ ‘ಕೋಡೆಕ್’ ಎಂದು ಹೆಸರು. ಕೋಡರ್, ಡಿಕೋಡರ್ ಎಂಬ ಎರಡು ಪದಗಳನ್ನು ಮೊಟಕುಮಾಡಿ ಕೂಡಿಸಿದಾಗ ಹುಟ್ಟಿದ ಮಾತಿದು. ಕೋಡೆಕ್‌ಗಳು ಹೇಗೆ ಕೆಲಸಮಾಡುತ್ತವೆ, ಅವುಗಳಲ್ಲಿ ಯಾವುದನ್ನು ಎಲ್ಲಿ ಆರಿಸಬೇಕು ಎಂಬುದನ್ನು ಈ ಲೇಖನದಲ್ಲಿ ವಿಚಾರಮಾಡೋಣ.

ಅಡಕಮಾಡುವ ಅಗತ್ಯವೇನು?

ಮೊದಲು ಒಂದು ಸಣ್ಣ ಲೆಕ್ಕ. ಬ್ಲೂ-ರೇ ತಟ್ಟೆಯ ಚಿತ್ರದಲ್ಲಿ ಅಡ್ಡಸಾಲಿಗೆ ೧೯೨೦ರಂತೆ ೧೦೮೦ ಸಾಲು ಬಿಂದುಗಳಿರುತ್ತವೆ; ಒಟ್ಟು ೨೦,೭೩,೬೦೦ ಬಿಂದುಗಳು. ಒಂದೊಂದು ಬಿಂದುವಿಗೂ ಕೆಂಪು, ಹಸುರು, ನೀಲಿಗಳ ಪ್ರಮಾಣವನ್ನು ಸೂಚಿಸಲು ಮೂರು ಬೈಟ್ ಬೇಕೆಂದರೆ ಒಂದು ಬಿಡಿಚಿತ್ರಕ್ಕೆ ೬೨,೨೦,೮೦೦ ಬೈಟ್ ಆಯಿತು. ಸೆಕೆಂಡಿಗೆ ೨೪ ಬಿಡಿಚಿತ್ರಗಳಂತೆ ಸುಮಾರು ೧೫ ಕೋಟಿ ಬೈಟ್. ಎರಡೂವರೆ ಗಂಟೆಗೆ, ಎಂದರೆ ೯,೦೦೦ ಸೆಕೆಂಡಿಗೆ, ಸುಮಾರು ೧,೩೪೪ ಗಿಗಾಬೈಟ್ ಆಗುತ್ತದೆ. ಎರಡು ಪದರದ ಬ್ಲೂ-ರೇ ತಟ್ಟೆಯೊಂದು ೫೦ ಗಿಗಾಬೈಟ್ ಹಿಡಿಯುತ್ತದೆ. ಆದ್ದರಿಂದ ಅಡಕಮಾಡದೆ ಇಟ್ಟರೆ ಒಂದೇ ಚಿತ್ರಕ್ಕೆ ೨೭ ತಟ್ಟೆಗಳು ಬೇಕಾಗುವುವು! ಧ್ವನಿಯನ್ನು ನಾವಿನ್ನೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಅಡಕದಲ್ಲಿ ಎರಡು ಬಗೆ. ರೇಷ್ಮೆ ಪಂಚೆಯನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟರೆ ಬಿಚ್ಚಿದಾಗ ಒಂದು ಎಳೆಯೂ ಕಡಮೆಯಾಗಿರುವುದಿಲ್ಲ. ಇದು ನಷ್ಟವಿಲ್ಲದ ಅಡಕ. ಒಂದು ಗಾಡಿ ಕಬ್ಬನ್ನು ಅರೆದು ರಸ ಕಾಯಿಸಿ ಬೆಲ್ಲ ಮಾಡಿದರೆ ಸಿಹಿಯೆಲ್ಲ ಕೆಲವೇ ಅಚ್ಚುಗಳಲ್ಲಿ ಮನೆಗೆ ಬರುತ್ತದೆ. ಆದರೆ ಬೆಲ್ಲದಿಂದ ಮತ್ತೆ ಕಬ್ಬಿನ ಜಲ್ಲೆಯನ್ನು ಮಾಡಲಾಗದು. ಇದು ನಷ್ಟಸಹಿತ ಅಡಕ. ಮಡಿಸುವುದರಿಂದ ಉಳಿಯುವ ಸ್ಥಳ ಅಲ್ಪ. ಬೆಲ್ಲಮಾಡುವುದರಿಂದ ಉಳಿಯುವುದು ಬಹಳ. ಚಲನಚಿತ್ರಗಳು ನಮ್ಮ ಕೈಸೇರುವುದು ಬೆಲ್ಲದ ರೂಪದಲ್ಲಿಯೇ.

ಚಿತ್ರದ ಅಡಕ

ಚಿತ್ರದಲ್ಲಿ ಏನನ್ನು ಬಿಟ್ಟರೆ ಕಣ್ಣಿಗೆ ತಿಳಿಯುವುದಿಲ್ಲ? ನಮ್ಮ ಕಣ್ಣು ಬೆಳಕು ನೆರಳುಗಳ ಭೇದವನ್ನು ಗುರುತಿಸುವಷ್ಟು ಸೂಕ್ಷ್ಮವಾಗಿ ಬಣ್ಣಗಳ ಸಣ್ಣ ವಿವರಗಳನ್ನು ಗುರುತಿಸಲಾರದು. ಆದಕಾರಣ ಪ್ರಕಾಶದ ಪ್ರಮಾಣವನ್ನು ಪ್ರತಿಯೊಂದು ಬಿಂದುವಿಗೂ ಬರೆದಿಟ್ಟು, ಬಣ್ಣವನ್ನು ನಾಲ್ಕು ಬಿಂದುಗಳಿಗೆ ಒಂದರಂತೆ ಬರೆದರೆ ಸಾಕು. ಇಷ್ಟರಿಂದಲೇ ಭಾರವು ಅರ್ಧಕ್ಕೆ ಇಳಿಯುತ್ತದೆ.

ಎರಡನೆಯ ಉಪಾಯ ಗಣಿತದ್ದು. ಅದರ ಕರ್ತೃಗಳಲ್ಲಿ ಪ್ರಮುಖರಾದವರು ಬೆಂಗಳೂರಿನವರೆಂಬುದು ನಮಗೆ ಹೆಮ್ಮೆಯ ವಿಷಯ. ೧೯೪೦ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲಿಯೇ ಇಂಜಿನಿಯರಿಂಗ್ ಪದವಿ ಪಡೆದು ಅಮೆರಿಕಕ್ಕೆ ತೆರಳಿದ ನಾಸಿರ್ ಅಹಮದ್ ಅವರು ೧೯೭೨ರಲ್ಲಿ ಈ ವಿಚಾರದ ಸಂಶೋಧನೆಗೆ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದಿಂದ ಧನಸಹಾಯ ಬೇಡಿದರು. ವಿಚಾರವು ತೀರ ಸರಳವೆಂದು ಪರಿಶೀಲಕರೊಬ್ಬರಿಗೆ ತೋರಿತು, ಸಹಾಯ ದೊರೆಯಲಿಲ್ಲ. ಅಹಮದ್ ಅವರು ಎದೆಗುಂದದೆ ಕೆಲಸ ಮುಂದುವರಿಸಿ, ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಡಗೂಡಿ ೧೯೭೪ರ ಜನವರಿಯಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ‘ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್’ ಎಂಬ ಆ ವಿಧಾನವೇ ಇಂದಿನ ಬಹುತೇಕ ಚಿತ್ರಕೋಡೆಕ್‌ಗಳ ಅಡಿಗಲ್ಲಾಗಿದೆ.

ಅದರ ತಿರುಳು ಇಷ್ಟು. ವೀಣೆಯ ಒಂದು ನಾದವನ್ನು ಮೂಲಸ್ವರ ಮತ್ತು ಅದರ ಮೇಲಿನ ಅನುಸ್ವರಗಳ ಮೊತ್ತವೆಂದು ಬಿಡಿಸಬಹುದಷ್ಟೆ. ಹಾಗೆಯೇ ಎಂಟು ಸಾಲು, ಎಂಟು ಕಂಬಸಾಲುಗಳ ೬೪ ಬಿಂದುಗಳ ಒಂದು ತುಂಡನ್ನು ನಿಧಾನವಾಗಿಯೂ ಬೇಗಬೇಗನೆಯೂ ಏರಿಳಿಯುವ ಕೊಸೈನ್ ಅಲೆಗಳ ಮೊತ್ತವೆಂದು ಬರೆಯಬಹುದು. ಸುಣ್ಣ ಬಳಿದ ಗೋಡೆಯ ಒಂದು ತುಂಡಿನಲ್ಲಿ ೬೪ ಬಿಂದುಗಳ ಪ್ರಕಾಶವೂ ೧೨೦ ಇದೆಯೆನ್ನೋಣ. ಪರಿವರ್ತನೆಯ ಅನಂತರ ಮೊದಲನೆಯ ಸಂಖ್ಯೆ ೯೬೦ ಆಗಿ, ಉಳಿದ ೬೩ ಸಂಖ್ಯೆಗಳೂ ಸೊನ್ನೆಯಾಗುವುವು. ಅರುವತ್ತನಾಲ್ಕು ಸಂಖ್ಯೆಗಳ ಕೆಲಸವನ್ನು ಒಂದೇ ಸಂಖ್ಯೆ ಮಾಡಿತು!

ಇಲ್ಲಿಯವರೆಗೆ ನಷ್ಟವೇನೂ ಇಲ್ಲ. ನಷ್ಟ ಬರುವುದು ಮುಂದಿನ ಹೆಜ್ಜೆಯಲ್ಲಿ. ದೊರೆತ ಸಂಖ್ಯೆಗಳನ್ನು ಒಂದು ಗೊತ್ತಾದ ಅಳತೆಯಿಂದ, ಉದಾಹರಣೆಗೆ ೧೬ರಿಂದ, ಭಾಗಿಸಿ ಸಮೀಪದ ಪೂರ್ಣಾಂಕವನ್ನು ಮಾತ್ರ ಉಳಿಸಿಕೊಳ್ಳುತ್ತಾರೆ. ೯೬೦ ಎಂಬುದು ೬೦ ಆಗುತ್ತದೆ. ಬಿಡಿಸಿದಾಗ ಮತ್ತೆ ೯೬೦. ೩೭ ಎಂಬುದು ೨ ಆಗುತ್ತದೆ, ಬಿಡಿಸಿದಾಗ ೩೨, ಐದು ಕಳೆದುಹೋಯಿತು. ೬ ಎಂಬುದು ಸೊನ್ನೆಯೇ ಆಗುತ್ತದೆ. ಹೀಗೆ ಸಣ್ಣ ಅಲೆಗಳು ಅಳಿಸಿಹೋಗುವುವು. ಭಾಗಿಸುವ ಸಂಖ್ಯೆ ದೊಡ್ಡದಾದಷ್ಟೂ ಕಡತ ಚಿಕ್ಕದಾಗುತ್ತದೆ, ಚಿತ್ರ ಒರಟಾಗುತ್ತದೆ. ಕಳಪೆ ಪ್ರತಿಗಳಲ್ಲಿ ಚೌಕಚೌಕವಾದ ಕಲೆಗಳು ಕಾಣುವುದಕ್ಕೆ ಕಾರಣ ಇದೇ.

ಮೂರನೆಯ ಉಪಾಯ ಚಲನೆಗೆ ಸಂಬಂಧಿಸಿದ್ದು. ವಾರ್ತೆ ಓದುವವರ ಬೆನ್ನಹಿಂದಿನ ಗೋಡೆ ಒಂದು ಬಿಡಿಚಿತ್ರದಿಂದ ಇನ್ನೊಂದಕ್ಕೆ ಬದಲಾಗುವುದಿಲ್ಲ. ಅದನ್ನು ಮತ್ತೆ ಬರೆಯದೆ ‘ಹಿಂದಿನಂತೆಯೇ’ ಎಂದು ಸೂಚಿಸಿದರೆ ಸಾಕು. ರಸ್ತೆಯ ಮೇಲೆ ಓಡುವ ಬಸ್ಸಿಗೆ ‘ಹಿಂದಿನ ತುಂಡೇ, ಆದರೆ ಇಷ್ಟು ಬಿಂದು ಬಲಕ್ಕೆ ಸರಿದಿದೆ’ ಎಂದರಾಯಿತು. ಜೋಗದ ಜಲಪಾತದ ದೃಶ್ಯದಲ್ಲಿ ಮಾತ್ರ ಈ ಉಪಾಯ ಸೋಲುತ್ತದೆ. ಅಲ್ಲಿ ಪ್ರತಿಯೊಂದು ತುಂತುರೂ ಹೊಸದು. ಕೋಡೆಕ್ಕಿನ ಯೋಗ್ಯತೆಯನ್ನು ಪರೀಕ್ಷಿಸಲು ಇಂತಹ ದೃಶ್ಯಗಳೇ ತಕ್ಕ ಒರೆಗಲ್ಲು.

ಕೋಡೆಕ್‌ಗಳ ವಂಶಾವಳಿ

ಡಿ.ವಿ.ಡಿ. ತಟ್ಟೆಗಳಲ್ಲಿರುವುದು ೧೯೯೦ರ ದಶಕದ ಎಂಪೆಗ್-೨. ಅದರ ಬಳಿಕ ೨೦೦೩ರಲ್ಲಿ ಎಚ್.೨೬೪ ಬಂದಿತು, ಅದೇ ಗುಣದ ಚಿತ್ರಕ್ಕೆ ಸುಮಾರು ಅರ್ಧದಷ್ಟು ಬಿಟ್ ಇದಕ್ಕೆ ಸಾಕಾಯಿತು. ೨೦೧೩ರಲ್ಲಿ ಬಂದ ಎಚ್.೨೬೫ (ಎಚ್.ಇ.ವಿ.ಸಿ. ಎಂಬುದೂ ಇದರ ಹೆಸರೇ) ಮತ್ತೆ ಸುಮಾರು ಅರ್ಧಕ್ಕೆ ಇಳಿಸಿತು. ಪೇಟೆಂಟಿನ ರಾಜಧನ ಕೊಡಬೇಕಾಗಿಲ್ಲದ ಕೋಡೆಕ್ ಇರಬೇಕೆಂದು ಹಲವು ಕಂಪೆನಿಗಳು ಸೇರಿ ೨೦೧೮ರಲ್ಲಿ ಎ.ವಿ.೧ ಎಂಬುದನ್ನು ಹೊರತಂದುವು.

ಹಾಗಾದರೆ ಎಲ್ಲಕ್ಕಿಂತ ಹೊಸದನ್ನೇ ಆರಿಸಬಾರದೇಕೆ? ಹೊಸ ಕೋಡೆಕ್ ಸ್ಥಳವನ್ನು ಉಳಿಸುವುದು ಲೆಕ್ಕಾಚಾರವನ್ನು ಹೆಚ್ಚಿಸಿಕೊಂಡು. ಆ ಲೆಕ್ಕವನ್ನು ಸೆಕೆಂಡಿಗೆ ೨೪ ಸಲ ತಪ್ಪದೆ ಮುಗಿಸಬೇಕು. ಇದಕ್ಕಾಗಿಯೇ ಕಂಪ್ಯೂಟರಿನ ಗ್ರಾಫಿಕ್ಸ್ ಭಾಗದಲ್ಲಿ ಪ್ರತ್ಯೇಕ ಮಂಡಲಗಳನ್ನು ರಚಿಸಿರುತ್ತಾರೆ. ಆದರೆ ಮಂಡಲವು ತಾನು ಹುಟ್ಟಿದ ಕಾಲದ ಕೋಡೆಕ್‌ಗಳನ್ನು ಮಾತ್ರ ಬಲ್ಲದು. ಇಂಟೆಲ್ ಸಂಸ್ಥೆಯ ಗ್ರಾಫಿಕ್ಸ್ ಸಹಿತ ಚಿಪ್ಪುಗಳನ್ನು ನೋಡಿದರೆ, ಆರನೆಯ ತಲೆಮಾರಿನವು ೮ ಬಿಟ್ಟಿನ ಎಚ್.೨೬೫ನ್ನು ಬಿಡಿಸಬಲ್ಲುವು, ೧೦ ಬಿಟ್ಟಿನದಕ್ಕೆ ಏಳನೆಯ ತಲೆಮಾರು ಬೇಕು, ಎ.ವಿ.೧ಕ್ಕೆ ೨೦೨೦ರಲ್ಲಿ ಬಂದ ಹನ್ನೊಂದನೆಯದು ಬೇಕು. ಮಂಡಲವಿಲ್ಲದಿದ್ದರೆ ಕೆಲಸವೆಲ್ಲ ಮುಖ್ಯ ಪ್ರೊಸೆಸರಿನ ಮೇಲೆ ಬೀಳುತ್ತದೆ, ಫ್ಯಾನು ಭೋರ್ಗರೆಯುತ್ತದೆ, ಚಿತ್ರ ಮುಗ್ಗರಿಸುತ್ತದೆ. ಚಿತ್ರ ಓಡುತ್ತಿರುವಾಗ ಪ್ರೊಸೆಸರಿನ ಬಳಕೆಯ ಮಾಪಕವನ್ನು ತೆರೆದು ನೋಡಿ. ಅದು ತಳದಲ್ಲಿಯೇ ಇದ್ದರೆ ಮಂಡಲವು ದುಡಿಯುತ್ತಿದೆಯೆಂದು ತಿಳಿಯಬಹುದು. ತುದಿಗೇರಿದ್ದರೆ ಕೋಡೆಕ್ಕಿಗೂ ಯಂತ್ರಕ್ಕೂ ಮೇಳವಿಲ್ಲ.

ಧ್ವನಿಯ ವಿಚಾರ

ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು ೨೦,೦೦೦ ಕಂಪನಗಳವರೆಗೆ ಕೇಳಬಲ್ಲದು. ಅಲೆಯೊಂದನ್ನು ಸರಿಯಾಗಿ ದಾಖಲಿಸಲು ಅದರ ಕಂಪನಾಂಕದ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆಯಬೇಕು. ಆದ್ದರಿಂದಲೇ ಸಿ.ಡಿ.ಯಲ್ಲಿ ಸೆಕೆಂಡಿಗೆ ೪೪,೧೦೦, ಚಲನಚಿತ್ರದಲ್ಲಿ ೪೮,೦೦೦ ಅಳತೆಗಳಿರುತ್ತವೆ. ಆರು ಧ್ವನಿಮಾರ್ಗಗಳಿಗೆ ೧೬ ಬಿಟ್ಟಿನಂತೆ ಗುಣಿಸಿದರೆ ಸೆಕೆಂಡಿಗೆ ೪೬,೦೮,೦೦೦ ಬಿಟ್. ಡಾಲ್ಬಿ ಡಿಜಿಟಲ್ ಎಂಬ ಕೋಡೆಕ್ ಇದನ್ನು ಹೆಚ್ಚೆಂದರೆ ೬,೪೦,೦೦೦ಕ್ಕೆ ಇಳಿಸುತ್ತದೆ. ಚಂಡೆ ಮೊಳಗುವಾಗ ಪಕ್ಕದವರ ಪಿಸುಮಾತು ನಮಗೆ ಕೇಳಿಸದಷ್ಟೆ. ಹಾಗೆ ದೊಡ್ಡ ಧ್ವನಿಯ ಮರೆಯಲ್ಲಿ ಅಡಗಿಹೋಗುವ ಅಂಶಗಳನ್ನು ಬಿಟ್ಟುಬಿಡುವುದೇ ಇಲ್ಲಿನ ಉಪಾಯ. ಎಂ.ಪಿ.೩, ಎ.ಎ.ಸಿ., ೨೦೧೨ರಲ್ಲಿ ಪ್ರಮಾಣೀಕೃತವಾದ ಓಪಸ್ ಇವೆಲ್ಲವೂ ಇದೇ ಜಾತಿಯವು. ಫ್ಲಾಕ್, ಡಾಲ್ಬಿ ಟ್ರೂಎಚ್‌ಡಿ, ಡಿ.ಟಿ.ಎಸ್.-ಎಚ್‌ಡಿ ಮಾಸ್ಟರ್ ಆಡಿಯೋ ಎಂಬುವು ನಷ್ಟವಿಲ್ಲದ ಅಡಕಗಳು.

ಧ್ವನಿಯ ಆಯ್ಕೆಯಲ್ಲಿ ತಂತಿಯನ್ನು ಮರೆಯುವಂತಿಲ್ಲ. ಬೆಳಕಿನ ತಂತಿಯ ಮೂಲಕ ಅಡಕಮಾಡದ ಎರಡು ಮಾರ್ಗಗಳಾಗಲಿ, ಡಾಲ್ಬಿ ಡಿಜಿಟಲ್ ಮತ್ತು ಸಾಮಾನ್ಯ ಡಿ.ಟಿ.ಎಸ್.ನಂತಹ ಅಡಕವಾದ ಆರು ಮಾರ್ಗಗಳಾಗಲಿ ಹೋಗಬಲ್ಲುವು, ಟ್ರೂಎಚ್‌ಡಿ ಹೋಗಲಾರದು. ಅದಕ್ಕೆ ಎಚ್.ಡಿ.ಎಂ.ಐ. ತಂತಿ ಬೇಕು. ಮನೆಯಲ್ಲಿ ಟೆಲಿವಿಷನ್ನಿನ ಎರಡು ಸ್ಪೀಕರುಗಳು ಮಾತ್ರ ಇದ್ದರೆ ಆರು ಮಾರ್ಗಗಳಿಗಾಗಿ ಚಿಂತಿಸುವ ಅಗತ್ಯವಿಲ್ಲ. ಸೆಕೆಂಡಿಗೆ ೧,೯೨,೦೦೦ ಬಿಟ್ಟಿನ ಎ.ಎ.ಸಿ. ಧ್ವನಿ ಧಾರಾಳವಾಗಿ ಸಾಲುತ್ತದೆ.

ಡಬ್ಬಿಯೂ ತಿಂಡಿಯೂ

ಇಲ್ಲೊಂದು ಸಾಮಾನ್ಯವಾದ ತಪ್ಪುಕಲ್ಪನೆಯನ್ನು ಹೋಗಲಾಡಿಸಬೇಕು. ಎಂ.ಪಿ.೪, ಎಂ.ಕೆ.ವಿ. ಎಂಬುವು ಕೋಡೆಕ್‌ಗಳಲ್ಲ, ಚಿತ್ರ, ಧ್ವನಿ, ಅಡಿಬರಹಗಳನ್ನು ಒಟ್ಟಿಗೆ ತುಂಬಿಡುವ ಡಬ್ಬಿಗಳು. ಡಬ್ಬಿಯ ಆಕಾರ ನೋಡಿ ಒಳಗೆ ಚಕ್ಕುಲಿಯಿದೆಯೋ ಕೋಡುಬಳೆಯಿದೆಯೋ ಹೇಳಲಾಗದು. ‘ಇದೂ ಎಂ.ಕೆ.ವಿ., ಅದೂ ಎಂ.ಕೆ.ವಿ.; ಅದು ಓಡಿತು, ಇದೇಕೆ ಓಡದು?’ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ವಿ.ಎಲ್.ಸಿ.ಯಂತಹ ತಂತ್ರಾಂಶಗಳಲ್ಲಿ ಕಡತದ ವಿವರವನ್ನು ತೆರೆದರೆ ಒಳಗಿನ ಕೋಡೆಕ್ಕಿನ ಹೆಸರು ಕಾಣುತ್ತದೆ. ಡಬ್ಬಿಯನ್ನು ಮಾತ್ರ ಬದಲಾಯಿಸುವುದರಿಂದ ಚಿತ್ರಕ್ಕೆ ಯಾವ ನಷ್ಟವೂ ಇಲ್ಲ. ಕೋಡೆಕ್ಕನ್ನು ಬದಲಾಯಿಸಿದರೆ ನಷ್ಟವುಂಟು.

ಆಯ್ಕೆಯ ಕ್ರಮ

ಮೇಲಿನ ವಿಚಾರಗಳಿಂದ ಕೆಲವು ಸೂತ್ರಗಳು ತಾವಾಗಿಯೇ ಹೊರಡುತ್ತವೆ. ಒಂದು, ಯಂತ್ರವು ಬಿಡಿಸಬಲ್ಲ ಕಡತವನ್ನು ಮತ್ತೆ ಅಡಕಮಾಡಲು ಹೋಗಬಾರದು. ಎರಡು, ಹಳೆಯ ಯಂತ್ರಗಳಿಗೂ ಅನೇಕ ಮನೆಗಳಿಗೂ ಒಪ್ಪಬೇಕಾದ ಪ್ರತಿಗೆ ೮ ಬಿಟ್ಟಿನ ಎಚ್.೨೬೪ ಮತ್ತು ಎ.ಎ.ಸಿ. ಜೋಡಿಯೇ ಕ್ಷೇಮ. ಸೆಕೆಂಡಿಗೆ ೮೦ ಲಕ್ಷ ಬಿಟ್ಟಿನಂತೆ ಎರಡೂವರೆ ಗಂಟೆಯ ಚಿತ್ರಕ್ಕೆ ೯ ಗಿಗಾಬೈಟ್ ಸಾಕು. ಮೂರು, ೩೮೪೦ಕ್ಕೆ ೨೧೬೦ ಬಿಂದುಗಳ ದೊಡ್ಡ ಪರದೆಗೆ ಬಿಂದುಗಳು ನಾಲ್ಕರಷ್ಟಾಗುವುದರಿಂದ ೧೦ ಬಿಟ್ಟಿನ ಎಚ್.೨೬೫ ಅಥವಾ ಎ.ವಿ.೧ ಉಚಿತ. ಎಂಟು ಬಿಟ್ಟಿನಲ್ಲಿ ಒಂದು ಬಣ್ಣಕ್ಕೆ ೨೫೬ ಮೆಟ್ಟಿಲಾದರೆ ಹತ್ತು ಬಿಟ್ಟಿನಲ್ಲಿ ೧೦೨೪. ಸಂಜೆಯ ಆಕಾಶದಲ್ಲಿ ಪಟ್ಟಿಪಟ್ಟಿಯಾಗಿ ಕಾಣುವ ದೋಷ ಇದರಿಂದ ತಪ್ಪುತ್ತದೆ. ನಾಲ್ಕು, ಇಡೀ ಚಿತ್ರವನ್ನು ಅಡಕಮಾಡುವ ಮುನ್ನ ಎರಡು ನಿಮಿಷದ ತುಂಡನ್ನು ಪರೀಕ್ಷಿಸಬೇಕು. ಕತ್ತಲ ದೃಶ್ಯ, ಹರಿಯುವ ನೀರು, ಜನಸಂದಣಿ ಇವು ಸರಿಯಾಗಿ ಬಂದರೆ ಉಳಿದುದು ಬಂದೇ ಬರುತ್ತದೆ.

ಮನೆಯ ಹಳೆಯ ಟೇಪುಗಳು

ಪೇಟೆಯಲ್ಲಿ ದೊರೆಯುವ ಚಿತ್ರ ಕೆಟ್ಟರೆ ಇನ್ನೊಂದು ಪ್ರತಿ ತರಬಹುದು. ಆದರೆ ಮನೆಯೊಂದರಲ್ಲಿ ೧೯೯೦ರ ಸುಮಾರಿನ ಮದುವೆಯ ವಿ.ಎಚ್.ಎಸ್. ಟೇಪು ಇದೆಯೆನ್ನೋಣ. ಈಗ ಇಲ್ಲದ ಅಜ್ಜಿ ಅದರಲ್ಲಿ ಹಸೆಯ ಮುಂದೆ ಕುಳಿತು ಹಾಡಿದ್ದಾರೆ. ಮಗನು ಅದನ್ನು ಕಂಪ್ಯೂಟರಿಗೆ ಇಳಿಸಿ, ಸ್ಥಳ ಉಳಿಸಲೆಂದು ಬಲವಾಗಿ ಅಡಕಮಾಡಿ, ಟೇಪನ್ನು ಎಸೆದುಬಿಟ್ಟ. ಮೊಮ್ಮಗಳು ಕೆಲವು ವರ್ಷಗಳ ಬಳಿಕ ಅದನ್ನೇ ಹೊಸ ಕೋಡೆಕ್ಕಿಗೆ ಬದಲಾಯಿಸಿದಳು. ಪ್ರತಿಯೊಂದು ಸಲವೂ ಹಿಂದಿನ ನಷ್ಟದ ಮೇಲೆ ಹೊಸ ನಷ್ಟ ಸೇರಿತು. ತಾಳೆಗರಿಯ ಗ್ರಂಥವನ್ನು ನೋಡಿ ಒಬ್ಬನು, ಅವನ ಪ್ರತಿಯನ್ನು ನೋಡಿ ಇನ್ನೊಬ್ಬನು ಬರೆದಾಗ ತಪ್ಪುಗಳು ಬೆಳೆಯುವುವಲ್ಲವೆ? ಇಲ್ಲಿಯೂ ಹಾಗೆಯೇ. ಅಜ್ಜಿಯ ಮುಖ ಚೌಕಗಳ ಗುಂಪಾಗಿ, ಹಾಡು ತಗಡಿನ ಸದ್ದಾಗಿ ಉಳಿಯಿತು. ಇದನ್ನು ಯಾವ ಕೋಡೆಕ್ಕೂ ಸರಿಪಡಿಸಲಾರದು.

ಇಂತಹ ಟೇಪಿಗೆ ನಷ್ಟವಿಲ್ಲದ ಅಡಕವೇ ತಕ್ಕದ್ದು. ೭೨೦ಕ್ಕೆ ೫೭೬ ಬಿಂದುಗಳಂತೆ, ಬಿಂದುವಿಗೆ ಎರಡು ಬೈಟ್ ಹಿಡಿದು, ಸೆಕೆಂಡಿಗೆ ೨೫ ಬಿಡಿಚಿತ್ರಗಳಾದರೆ ಗಂಟೆಗೆ ಸುಮಾರು ೭೫ ಗಿಗಾಬೈಟ್ ಆಗುತ್ತದೆ. ದಾಖಲೆ ಸಂರಕ್ಷಣಾಲಯಗಳು ಬಳಸುವ ಎಫ್.ಎಫ್.ವಿ.೧ ಎಂಬ ಕೋಡೆಕ್ಕಿನಿಂದ ಒಂದು ಬಿಂದುವೂ ಕಳೆಯದೆ ಇದನ್ನು ಬಹಳಮಟ್ಟಿಗೆ ತಗ್ಗಿಸಬಹುದು. ಧ್ವನಿಗೆ ಫ್ಲಾಕ್ ಇದೆ. ಈ ಮೂಲಪ್ರತಿಯನ್ನು ಎರಡು ಬೇರೆ ಬೇರೆ ಡಿಸ್ಕುಗಳಲ್ಲಿ ಇಟ್ಟು, ನೋಡುವುದಕ್ಕೆ ಎಚ್.೨೬೪ರ ಚಿಕ್ಕ ಪ್ರತಿಯೊಂದನ್ನು ಅದರಿಂದಲೇ ತೆಗೆದುಕೊಳ್ಳಬೇಕು. ಮೊಬೈಲಿನಲ್ಲಿ ತೆಗೆದ ಚಿತ್ರಗಳಿಗೂ ಇದೇ ನಿಯಮ: ಮೊಬೈಲು ಬರೆದ ಮೂಲ ಕಡತವನ್ನೇ ಉಳಿಸಬೇಕು, ಸಂದೇಶದ ಮೂಲಕ ಬಂದ ಕುಗ್ಗಿದ ಪ್ರತಿಯನ್ನಲ್ಲ.

ವಿದ್ಯಾರ್ಥಿಗಳು ತಮ್ಮ ಮನೆಯ ಒಂದು ಕಡತವನ್ನು ತೆರೆದು, ಅದರ ಬಿಂದುಗಳು, ಅವಧಿ, ಗಾತ್ರಗಳನ್ನು ಗುರುತುಹಾಕಿಕೊಂಡು, ಅದು ಎಷ್ಟು ಪಟ್ಟು ಅಡಕವಾಗಿದೆಯೆಂದು ಮೇಲಿನ ರೀತಿಯಲ್ಲಿ ಲೆಕ್ಕಹಾಕಿ ನೋಡಲಿ. ದಿನದ ಬಳಕೆಗೆ ಬೆಲ್ಲವಿರಲಿ. ಆದರೆ ಕಬ್ಬಿನ ಗದ್ದೆಯುಳ್ಳ ರೈತನು ಇದ್ದ ಜಲ್ಲೆಗಳನ್ನೆಲ್ಲ ಗಾಣಕ್ಕೆ ಕೊಡುವುದಿಲ್ಲ. ಮುಂದಿನ ನಾಟಿಗೆಂದು ಕೆಲವನ್ನು ತೆಗೆದಿಡುತ್ತಾನೆ. ಬೆಲ್ಲವನ್ನು ಎಂದು ಬೇಕಾದರೂ ಮಾಡಿಕೊಳ್ಳಬಹುದು. ಜಲ್ಲೆ ಉಳಿದಿರಬೇಕು, ಅಷ್ಟೆ.