ಹರಕೆಯೂ ಇರಲಿ, ಮಾತ್ರೆಯೂ ಇರಲಿ

ಮನೆಯಲ್ಲಿ ಒಬ್ಬರಿಗೆ ಮನಸ್ಸಿನ ಕಾಯಿಲೆ ಅಂತ ಗೊತ್ತಾದ ಕೂಡಲೇ ಎರಡು ಪಾರ್ಟಿ ಹುಟ್ಟಿಕೊಳ್ಳುತ್ತವೆ. ದೊಡ್ಡಮ್ಮ, ಸೋದರಮಾವ ಎಲ್ಲ ಒಂದು ಕಡೆ: ಯಾರದೋ ಕಣ್ಣು ಬಿದ್ದಿದೆ, ಗ್ರಹಚಾರ ಸರಿಯಿಲ್ಲ, ಒಂದು ತಾಯತ ಕಟ್ಟಿಸಿ. ಓದಿದ ಮಕ್ಕಳು ಇನ್ನೊಂದು ಕಡೆ: ಇದೆಲ್ಲ ಮೌಢ್ಯ, ಮಾತ್ರೆ ನುಂಗಿದರೆ ಸರಿಹೋಗುತ್ತೆ. ಕಾಯಿಲೆಯವರು ನಡುವೆ ಗೋಡೆಗೊರಗಿ ಕೂತಿರುತ್ತಾರೆ. ಅವರನ್ನು ಯಾರೂ ಕೇಳುವುದಿಲ್ಲ. ನಿಮ್ಮ ಮನೆಯಲ್ಲಿ ಎರಡನೇ ಪಾರ್ಟಿಗೆ ನೀನೇ ಲೀಡರ್ ಅಂತ ಕೇಳಿದೆ. ಅದಕ್ಕೇ ಈ ಮಾತು.

ಡಾಕ್ಟರ ವಿಷಯದಲ್ಲಿ ನೀನು ಹೇಳುತ್ತಿರುವುದು ನೂರಕ್ಕೆ ನೂರು ಸರಿ, ಅದರಲ್ಲಿ ರಾಜಿ ಬೇಡ. ಆದರೆ ದೇವಸ್ಥಾನಕ್ಕೆ ಹೋದರೆ ಏನೂ ಪ್ರಯೋಜನವಿಲ್ಲ ಅನ್ನುತ್ತೀಯಲ್ಲ, ಅದನ್ನು ಸ್ವಲ್ಪ ತಡೆದು ನೋಡಬೇಕು. ನಮ್ಮ ನಿಮ್ಹಾನ್ಸ್‌ನ ಮನೋವೈದ್ಯ ಆರ್. ರಘುರಾಮ್ ಮತ್ತು ಜೊತೆಯವರು ತಮಿಳುನಾಡಿನ ಒಂದು ಹಳ್ಳಿಯ ಮುತ್ತುಸ್ವಾಮಿ ದೇವಸ್ಥಾನಕ್ಕೆ ಹೋಗಿ ಇದನ್ನೇ ಪರೀಕ್ಷೆ ಮಾಡಿದರು. ಅಲ್ಲಿ ವಾಸಿಯಾಗುತ್ತದೆಂದು ನಂಬಿ ಬಂದ 31 ಮಂದಿಯನ್ನು ಬಂದಾಗೊಮ್ಮೆ, ಹೊರಡುವಾಗೊಮ್ಮೆ ಅಳೆದರು. ಹೆಚ್ಚಿನವರಿಗೆ ಇದ್ದದ್ದು ಸ್ಕಿಜೋಫ್ರೇನಿಯಾ. ಸಣ್ಣಪುಟ್ಟ ಬೇಸರದವರಲ್ಲ. ಅಲ್ಲಿ ಔಷಧ ಕೊಡುತ್ತಿರಲಿಲ್ಲ. ಸರಾಸರಿ ಆರು ವಾರ ಉಳಿದವರಲ್ಲಿ ರೋಗಲಕ್ಷಣದ ಅಂಕ ಶೇ. 20ರ ಹತ್ತಿರ ಇಳಿದಿತ್ತು. 2002ರಲ್ಲಿ ಇದು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅಚ್ಚಾಯಿತು.

ನನಗೆ ಆ ಅಂಕಕ್ಕಿಂತ ರುಚಿಸಿದ್ದು ಅಲ್ಲಿನ ದಿನಚರಿ. ದೆವ್ವ ಬಿಡಿಸುವ ಆರ್ಭಟವಿಲ್ಲ, ಬೇವಿನ ಸೊಪ್ಪಿನ ಹೊಡೆತವಿಲ್ಲ. ಬೆಳಗ್ಗೆ ಒಂದು ಚಿಕ್ಕ ಪೂಜೆ. ಆಮೇಲೆ ಅಂಗಳ ಗುಡಿಸುವುದು, ಗಿಡಗಳಿಗೆ ನೀರು ಹಾಕುವುದು, ಹೀಗೆ ಕೈಲಾದ ಕೆಲಸ. ಜೊತೆಗೆ ಮನೆಯವರೊಬ್ಬರು ಇದ್ದೇ ಇರಬೇಕು. ನಮ್ಮ ಬೀದಿಯಲ್ಲಾದರೆ ಮಕ್ಕಳು ಕಲ್ಲು ಹೊಡೆಯುತ್ತಿದ್ದ ಮನುಷ್ಯ ಅಲ್ಲಿ ದೇವರ ಅಂಗಳ ಗುಡಿಸುವವನು. ಯಾರೂ ಅವನನ್ನು ಹೆದರಿಸುವುದಿಲ್ಲ, ಅವನಿಗೂ ಯಾರೂ ಹೆದರುವುದಿಲ್ಲ. ಗುಣ ಬಂದದ್ದು ಇಂಥ ವಾತಾವರಣದಿಂದ ಇರಬಹುದು ಅಂತ ವೈದ್ಯರೇ ಬರೆದರು. ಹಾಗಂತ ಇದನ್ನೇ ಹಿಡಿದುಕೊಂಡು ಮಾತ್ರೆ ಬಿಸಾಡುವ ಹಾಗಿಲ್ಲ. ನೋಡಿದ್ದು 31 ಜನರನ್ನು, ಹೋಲಿಸಲು ಇನ್ನೊಂದು ಗುಂಪೂ ಇರಲಿಲ್ಲ.

ಅದೇ ತಮಿಳುನಾಡಿನ ಇನ್ನೊಂದು ಊರು ಏರ್ವಾಡಿ. ಅಲ್ಲಿನ ದರ್ಗಾದಲ್ಲಿ ಮನಸ್ಸಿನ ಕಾಯಿಲೆ ವಾಸಿಯಾಗುತ್ತದೆಂಬ ನಂಬಿಕೆ ಹಳೆಯದು. ಅದನ್ನೇ ಬಂಡವಾಳ ಮಾಡಿಕೊಂಡು ಸುತ್ತ ಖಾಸಗಿ ತಂಗುದಾಣಗಳು ಎದ್ದಿದ್ದವು. 2001ರ ಆಗಸ್ಟ್ 6ರಂದು ಬೆಳಗಿನ ಜಾವ ಅವುಗಳಲ್ಲಿ ಒಂದಕ್ಕೆ ಬೆಂಕಿ ಬಿತ್ತು. ಸತ್ತವರು 28 ಮಂದಿ. ಸರಪಳಿ ಬಿಗಿದಿದ್ದರಿಂದ ಓಡಲಾಗಲಿಲ್ಲ. ಅವರ ಮನೆಯವರೂ ನಂಬಿಯೇ ಬಿಟ್ಟುಹೋಗಿದ್ದರು, ನೆನಪಿಟ್ಟುಕೋ. ಸರಪಳಿ ಹಾಕಬಾರದೆಂದು ಕಾನೂನಿನಲ್ಲೇ ಬರೆಯಲು 2017ರವರೆಗೆ ಕಾಯಬೇಕಾಯಿತು.

ಎರಡೂ ಕಡೆ ಜನರನ್ನು ಕರೆತಂದದ್ದು ನಂಬಿಕೆಯೇ. ಒಂದು ಕಡೆ ಕೈಗೆ ಪೊರಕೆ ಸಿಕ್ಕಿತು, ಇನ್ನೊಂದು ಕಡೆ ಕಾಲಿಗೆ ಸರಪಳಿ. ಹಾಗಾಗಿ ದೊಡ್ಡಮ್ಮ ಯಾವುದೇ ಮಠ, ಗುಡಿ, ದರ್ಗಾ, ಆಶ್ರಮದ ಹೆಸರು ಹೇಳಲಿ, ಮೊದಲು ನೀನೇ ಹೋಗಿ ನೋಡಿ ಬಾ. ಮನೆಯವರು ಜೊತೆಗಿರಲು ಬಿಡುತ್ತಾರಾ, ಬೇಕೆಂದಾಗ ಎದ್ದು ಬರಬಹುದಾ ಅಂತ ಕೇಳು. ಮಾತ್ರೆ ನಿಲ್ಲಿಸಿ ಅಂದರೆ ಅಲ್ಲಿಂದಲೇ ಕೈಮುಗಿದು ಬಂದುಬಿಡು. ಕಾಣಿಕೆಗೆ ರೇಟು ಹೇಳಿದರೂ ಅಷ್ಟೇ.

ನಮ್ಮ ಬಡಾವಣೆಯ ಶನಿವಾರದ ಭಜನೆಗೆ ಒಬ್ಬ ಹುಡುಗ ಬರುತ್ತಾನೆ. ಮಾತ್ರೆಯ ಪರಿಣಾಮದಿಂದ ಅವನ ಕೈ ನಡುಗುತ್ತದೆ, ತಾಳ ಅರ್ಧ ಮಾತ್ರೆ ಹಿಂದೆ ಬೀಳುತ್ತದೆ. ಹಾರ್ಮೋನಿಯಂ ಹಿಡಿದ ಮೇಷ್ಟ್ರು ಒಂದು ಕಣ್ಣು ಅವನ ಮೇಲಿಟ್ಟು, ಅವನ ತಾಳಕ್ಕೇ ಹಾಡನ್ನು ನಿಧಾನ ಮಾಡುತ್ತಾರೆ. ಕೆಲಸಕ್ಕೆ ಹೋಗ್ತಿದ್ದೀಯಾ, ಮದುವೆ ಯಾವಾಗ ಅಂತ ಯಾರೂ ಕೇಳುವುದಿಲ್ಲ. ಕೊನೆಗೆ ಕೋಸಂಬರಿ ಹಂಚುವುದು ಅವನೇ. ಆತ್ಮ, ಪರಮಾತ್ಮ ಅಂತ ದೊಡ್ಡ ಮಾತು ಅಲ್ಲಿ ಬರುವುದೇ ಇಲ್ಲ. ನನ್ನನ್ನು ಕೇಳಿದರೆ ಅಧ್ಯಾತ್ಮ ಅಂದರೆ ಇದೇ, ಪ್ರವಚನಗಳಲ್ಲಿ ಸಿಗುವುದು ಬಹುಪಾಲು ಅದರ ಜಾಹೀರಾತು.

ಒಂದು ಮಾತಿಗೆ ಮಾತ್ರ ಮನೆಯಲ್ಲಿ ಜಾಗ ಕೊಡಬೇಡ: ‘ಪೂರ್ವಜನ್ಮದ ಪಾಪ’. ಖಿನ್ನತೆಯ ಲಕ್ಷಣವೇ ತಪ್ಪೆಲ್ಲ ನನ್ನದು ಅನ್ನಿಸುವುದು. ಅದಕ್ಕೆ ದೇವರ ಸಹಿಯನ್ನೂ ಹಾಕಿಸಿಕೊಟ್ಟರೆ ಆ ಜೀವಕ್ಕೆ ಹೋಗಲು ದಾರಿ ಯಾವುದು? ಅಮೆರಿಕದ ಮನಃಶಾಸ್ತ್ರಜ್ಞ ಕೆನೆತ್ ಪಾರ್ಗಮೆಂಟ್ ವರ್ಷಗಟ್ಟಲೆ ಇದನ್ನೇ ಅಧ್ಯಯನ ಮಾಡಿದವರು. ದೇವರು ಜೊತೆಗಿದ್ದಾನೆ ಅಂದುಕೊಂಡವರು ಕಷ್ಟವನ್ನು ದಾಟುವ ರೀತಿಯೇ ಬೇರೆ, ದೇವರು ಶಿಕ್ಷೆ ಕೊಡುತ್ತಿದ್ದಾನೆ ಅಂದುಕೊಂಡವರು ಇನ್ನಷ್ಟು ಕುಸಿಯುತ್ತಾರೆ ಅನ್ನುವುದು ಅವರು ಕಂಡದ್ದು.

ಇನ್ನು ವ್ರತ, ಉಪವಾಸದ ಮಾತು. ಇದನ್ನು ಮನೆಯ ಹಿರಿಯರಿಗೆ ನೀನೇ ಕೂರಿಸಿಕೊಂಡು ಹೇಳಬೇಕು. ಬೈಪೋಲಾರ್ ಕಾಯಿಲೆ ಇದ್ದವರಿಗೆ ಒಂದು ರಾತ್ರಿ ನಿದ್ದೆಗೆಟ್ಟರೂ ಉನ್ಮಾದ ಕೆರಳಬಹುದು, ಶಿವರಾತ್ರಿಯ ಜಾಗರಣೆ ಅವರಿಗಲ್ಲ. ಲಿಥಿಯಂ ತೆಗೆದುಕೊಳ್ಳುವವರು ನೀರೂ ಮುಟ್ಟದೆ ಉಪವಾಸ ಮಾಡಿದರೆ ರಕ್ತದಲ್ಲಿ ಅದರ ಪ್ರಮಾಣ ಏರಿ ವಿಷವಾಗಬಹುದು. ಹತ್ತು ದಿನದ ಮೌನ ಧ್ಯಾನ ಶಿಬಿರಗಳ ಅರ್ಜಿಯಲ್ಲಿ ಮಾನಸಿಕ ಕಾಯಿಲೆಯ ಬಗ್ಗೆ ಕೇಳಿರುತ್ತಾರೆ. ಮುಚ್ಚಿಡಬೇಡಿ, ಡಾಕ್ಟರನ್ನು ಕೇಳಿಯೇ ತುಂಬಿ. ಆರೋಗ್ಯವಂತರಿಗೆ ಒಳ್ಳೆಯದಾದ ಮೌನ ಭ್ರಮೆ ಇರುವವರಿಗೆ ಒಳ್ಳೆಯದಾಗಲೇಬೇಕೆಂದಿಲ್ಲ.

ಮಧ್ಯರಾತ್ರಿ ಏನೂ ತೋಚದೇ ಹೋದರೆ 14416ಕ್ಕೆ ಫೋನ್ ಮಾಡು. ಅದು ಸರ್ಕಾರದ ಟೆಲಿ ಮನಸ್ ಸಹಾಯವಾಣಿ, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ದೊಡ್ಡಮ್ಮನ ಜೊತೆ ಜಗಳ ಇವತ್ತಿಗೆ ನಿಲ್ಲಿಸು. ಅವರು ಹೊತ್ತ ಹರಕೆ ತೀರಿಸಲು ನೀನೂ ಜೊತೆಯಲ್ಲಿ ಹೋಗು, ಆ ದಿನದ ಮಾತ್ರೆ ನಿನ್ನ ಬ್ಯಾಗಿನಲ್ಲಿರಲಿ.