ಕೇಳಿದರೆ ಉತ್ತರ ಕೊಡೋರು ಯಾರು?

ನೀವು ಕಟ್ಟಿದ ಸುವಾರ್ತೆ ವೆಬ್‌ಸೈಟನ್ನು ನೋಡಿದೆ. ನೋಡೋಕೆ ಚೆನ್ನಾಗಿದೆ. ಆದರೆ ಗ್ರೀಕ್ ತತ್ವಜ್ಞಾನಿ ಪ್ಲೇಟೋನ 'ಫೀಡ್ರಸ್'ನಲ್ಲಿ ಸಾಕ್ರಟೀಸ್ ಹೇಳ್ತಾನೆ, ಬರಹ ಚಿತ್ರವಿದ್ದ ಹಾಗೆ: ಜೀವ ಇರುವಂತೆ ಕಾಣುತ್ತೆ, ಪ್ರಶ್ನೆ ಕೇಳಿದ್ರೆ ಸುಮ್ಮನಿರುತ್ತೆ. (ಇದನ್ನೂ ಪ್ಲೇಟೋ ಬರೆದೇ ಇಟ್ಟ, ಬಿಡಿ!)

ಅಪೊಸ್ತಲರ ಕೃತ್ಯಗಳು 8ರಲ್ಲಿ ಐಥಿಯೋಪ್ಯದ ಕಂಚುಕಿಯ ಕೈಯಲ್ಲಿ ಯೆಶಾಯನ ಗ್ರಂಥವೇ ಇತ್ತು. ಆದ್ರೂ ಅರ್ಥವಾಗಲಿಲ್ಲ; ಫಿಲಿಪ್ಪನು ರಥ ಹತ್ತಿ ಪಕ್ಕದಲ್ಲಿ ಕೂರಬೇಕಾಯ್ತು.

ನಿಮ್ಮ ಸೈಟಿನಲ್ಲಿ 'ರಕ್ಷಣೆಯ ಪ್ರಾರ್ಥನೆ' ಅನ್ನೋ ಬಟನ್ ಇದೆ. ಒತ್ತಿದರೆ 'ಧನ್ಯವಾದ' ಅಂತ ಬರುತ್ತೆ, ಅಷ್ಟೇ. ರಾತ್ರಿ 2 ಗಂಟೆಗೆ, ಬದುಕೇ ಬೇಡ ಅನ್ನಿಸಿದ ಹುಡುಗಿಯೊಬ್ಬಳು ಅದನ್ನು ಒತ್ತಿದರೆ ಈ ಕಡೆಯಿಂದ ಯಾರು ಮಾತಾಡ್ತೀರಿ? ಸರದಿ ಪ್ರಕಾರ ಫೋನ್ ಎತ್ತೋಕೆ ಮನಸ್ಸಿರೋರು ಕೂಟ ಮುಗಿದ ಮೇಲೆ ನನ್ನ ಹತ್ತಿರ ಹೆಸರು ಕೊಡಿ.